ಮಾವಿನ ಮರಕ್ಕೆ ಉಡಿ ತುಂಬಿದ ದಿನ

ಪರಸಪ್ಪ ಮಾಡಿದ ತಪ್ಪು ಒಂದೇ. ಮುಂಜಾನೆ ಎಂಟಕ್ಕೆ ಫೋನಿನಲ್ಲಿ ಬಂದ ಸುದ್ದಿಯನ್ನು ಎದುರು ಮನೆಯ ಸಾವಿತ್ರವ್ವನಿಗೆ ಹೇಳಿಬಿಟ್ಟ.

"ಎಕ್ಕಾ, ಮರದ ಡಾಕ್ಟರ್ ಬಾಯಾರು ಇವತ್ತ ನಾಕಕ್ಕ ಬರ್ತಾರಂತ. ಕಡೀ ಸಲ ನೋಡಿ ಕಾಗದ ಬರದು ಕೊಡ್ತಾರ. ನೀ ಯಾರಿಗೂ ಹೇಳಬ್ಯಾಡ ಮತ್ತ."

ಆಲಮಟ್ಟಿ ಕಾಲುವೆಯ ಮೇಲೆ ಮೂವತ್ತು ವರ್ಷ ನೀರು ಬಿಟ್ಟು, ನೀರು ನಿಲ್ಲಿಸಿ ನಿವೃತ್ತನಾದ ಮನುಷ್ಯ. ಯಾವ ತೂಬು ಎತ್ತಿದರೆ ನೀರು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿರಬೇಕಿತ್ತು. ಒಂಬತ್ತು ಗಂಟೆಯೊಳಗೆ ಬಾಗೇವಾಡಿಯ ಆ ಓಣಿಯ ಕೊನೆಯ ಮನೆಗೂ ಸುದ್ದಿ ಹರಿದಿತ್ತು.

ಓಣಿಯವರ ಉತ್ಸಾಹಕ್ಕೆ ಕಾರಣವಿತ್ತು. ಪರಸಪ್ಪನ ಮನೆ ಮುಂದಿನ ಮಾವಿನ ಮರದ ಕಾಯಿಂದಲೇ ಅಲ್ಲಿನ ಎಲ್ಲರ ಮನೆಯ ಉಪ್ಪಿನಕಾಯಿ ಭರಣಿ ತುಂಬುತ್ತಿತ್ತು. ಹೋದ ವರ್ಷ ಮರ ಇದ್ದಕ್ಕಿದ್ದಂತೆ ಒಣಗತೊಡಗಿತು. ಕಾಂಡದಲ್ಲಿ ತೂತು, ಬುಡದಲ್ಲಿ ರಾಶಿ ರಾಶಿ ಮರದ ಪುಡಿ. ಒಣಗಿದ ಮರ ಕರೆಂಟಿನ ತಂತಿಯ ಮೇಲೆ ಬಿದ್ದೀತು, ಕಡಿಯಲಾಗುವುದು ಎಂದು ಪುರಸಭೆಯಿಂದ ನೋಟಿಸು ಬಂತು. ಮರ ಬದುಕಿದೆ ಎಂದು ಬಲ್ಲವರ ಕಾಗದ ತಂದರೆ ಬಿಡುತ್ತೇವೆ ಎಂದರು. ಆ ಗಡುವಿಗೆ ಇವತ್ತೇ ಕೊನೆಯ ದಿನ.

ಪರಸಪ್ಪನಿಗೆ ಉಪ್ಪಿನಕಾಯಿಗಿಂತ ನೆರಳು ಮುಖ್ಯ. ಮೂವತ್ತು ವರ್ಷ ಕಾಲುವೆ ದಂಡೆಯ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲು ತಿಂದವನು ಅವನು. ನಿವೃತ್ತಿಯಾದ ಮೇಲೆ ಈ ಮರದ ಕೆಳಗೆ ಕೂತು ಚಹಾ ಕುಡಿಯಬೇಕು ಎಂಬುದೊಂದೇ ಅವನ ಆಸೆ. ಹೀಗಾಗಿ ವಿಜಾಪುರದಿಂದ ಡಾಕ್ಟರ್ ವಿದ್ಯಾವತಿಯನ್ನು ಕರೆಸಿದ್ದ. ಮರಗಳಿಗೆ ಔಷಧೋಪಚಾರ ಮಾಡುವುದೇ ಆಕೆಯ ವೃತ್ತಿ. ಮೂರು ಸಲ ಬಂದಳು. ತೂತಿನೊಳಗೆ ಕೊಕ್ಕೆ ತಂತಿ ಹಾಕಿ ಬೆರಳುದ್ದದ ಬಿಳಿ ಹುಳಗಳನ್ನು ಎಳೆದು ತೆಗೆದಳು, ಔಷಧಿಯ ಹತ್ತಿ ತುರುಕಿ ಮೇಲೆ ಕೆಸರು ಮೆತ್ತಿದಳು, ಒಣ ಟೊಂಗೆಗಳನ್ನು ಕೊಯ್ದು ಸುಡಿಸಿದಳು. ಮೊದಲ ದಿನವೇ, "ಮನ್ಯಾಗ ಈ ಮರದ ಒಣ ಕಟಗಿ ಏನರ ಇಟ್ಟೀರೇನ್ರಿ?" ಎಂದು ಕೇಳಿದ್ದಳು. ಪರಸಪ್ಪ, "ಇಲ್ರಿ ಬಾಯಾರ" ಎಂದಿದ್ದ. ಹೋಗುವಾಗ ಕಟ್ಟುನಿಟ್ಟಾಗಿ ಹೇಳಿದ್ದಳು: ಮೊಳೆ ಹೊಡೆಯಬಾರದು, ಸಿಮೆಂಟು ಹಾಕಬಾರದು, ಕಾಂಡಕ್ಕೆ ಏನೂ ಸುತ್ತಬಾರದು, ಮೆತ್ತಿದ ಕೆಸರನ್ನು ಯಾರೂ ಮುಟ್ಟಬಾರದು.

ಈಗ ಮರದ ತುದಿಯಲ್ಲಿ ತಾಮ್ರದ ಬಣ್ಣದ ಎಳೆ ಚಿಗುರು. ಓಣಿಯವರಿಗೆ ಡಾಕ್ಟರ್ ಬಾಯಾರ ಮೇಲೆ ಉಕ್ಕುವ ಕೃತಜ್ಞತೆ. ನಮ್ಮ ಕಡೆ ಜನರಿಗೆ ಕೃತಜ್ಞತೆ ಬಂದರೆ ಸುಮ್ಮನೆ ಮನಸ್ಸಿನೊಳಗೆ ಇಟ್ಟುಕೊಳ್ಳುವ ರೂಢಿ ಇಲ್ಲ. ಸನ್ಮಾನ ಆಗಲೇಬೇಕು.

ಮೊದಲು ಬಂದವನು ಫ್ಲೆಕ್ಸ್ ಅಂಗಡಿಯ ಮಹಮ್ಮದಹನೀಫ. ಕೈಯಲ್ಲಿ ಸುರುಳಿ ಮಾಡಿದ ಬ್ಯಾನರು, ಬಾಯಲ್ಲಿ ನಾಲ್ಕು ಮೊಳೆ.

"ಕಾಕಾ, ರೊಕ್ಕಾ ಬ್ಯಾಡ. ನಮ್ಮ ಅಮ್ಮೀಜಾನ ಹಾಕೂದು ಇದss ಮರದ ಉಪ್ಪಿನಕಾಯಿ. ನನ್ನ ಕಡಿಂದ ಸೇವಾ," ಎಂದು ಮೊಳೆ ಉಗುಳಿ ಸುತ್ತಿಗೆ ಎತ್ತಿದ.

"ತಮ್ಮಾ, ಡಾಕ್ಟರು ಹುಳದ ತೂತು ಮುಚ್ಚಿ ಹೋಗ್ಯಾರ. ನೀ ಹೊಸಾ ತೂತು ಕೊರಿಯಾಕತ್ತಿ ಏನು?" ಎಂದು ಪರಸಪ್ಪ ಅವನ ಕೈ ಹಿಡಿದುಕೊಂಡ.

ಹನೀಫ ಬೇಜಾರಾಗಿ ಬ್ಯಾನರನ್ನು ಪರಸಪ್ಪನ ಮನೆಯ ಕಿಟಕಿಗೇ ಅಡ್ಡ ಕಟ್ಟಿದ. ಒಳಗೆ ಅವನ ಹೆಂಡತಿ ರೇವವ್ವ ಹಗಲು ಹೊತ್ತಿನಲ್ಲಿ ದೀಪ ಹಾಕಿಕೊಂಡು ರೊಟ್ಟಿ ಬಡಿಯುತ್ತ, "ಮರಕ್ಕ ಆರಾಮಾತು, ನಮ್ಮ ಮನಿಗೆ ಕತ್ತಲಾತು," ಎಂದು ಗೊಣಗಿದಳು.

ಪರಸಪ್ಪ ಒಳಗಿಂದ ಬಾವಿಯ ಹಗ್ಗ ತಂದು ಮರದ ಸುತ್ತ ನಾಲ್ಕು ಗೂಟ ನೆಟ್ಟು ಕಟ್ಟಿದ. ನಡುವೆ ನಿಂತು ಘೋಷಿಸಿದ: "ಮರದ ಮ್ಯಾಲ ಪ್ರೀತಿ ಇದ್ದವ್ರು ಹಗ್ಗದ ಆಚೀಕ ನಿಲ್ರಿ."

ಹನ್ನೊಂದಕ್ಕೆ ಸಂಜೀವಕುಮಾರ ಮಾಸ್ತರರು ಒಬ್ಬ ಗೌಂಡಿ, ಎರಡು ಚೀಲ ಸಿಮೆಂಟಿನ ಜೊತೆ ಬಂದರು. ಮರದ ಸುತ್ತ ಕಟ್ಟೆ ಕಟ್ಟಿ, ಅದರಲ್ಲಿ ಡಾಕ್ಟರರ ಹೆಸರಿನ ಕಲ್ಲು ಕೂಡಿಸುವ ಯೋಜನೆ ಅವರದು. ಭಾಷಣವೂ ತಯಾರಿತ್ತು, ಏಳು ಹಾಳೆ.

"ಮಾಸ್ತರ, ಬುಡಕ್ಕ ಸಿಮೆಂಟ್ ಹಾಕಿದ್ರ ಬೇರಿಗೆ ಉಸರ ಕಟ್ಟತೈತಿ ಅಂದಾರ."

"ಪರಸಪ್ನೋರ, ನಾಕ ಇಟ್ಟಂಗಿ ಅಷ್ಟ. ಉಪಕಾರ ಮಾಡಿದವರ ಹೆಸರು ಉಳೀಬೇಕಲ್ಲ?"

"ಹೆಸರು ಉಳೀತೈತ್ರಿ, ಮರ ಹೋಗತೈತಿ."

ಅರ್ಧ ತಾಸು ವಾದವಾಯಿತು. ಕೊನೆಗೆ ಗೌಂಡಿ ಕಲೆಸಿದ ಸಿಮೆಂಟು ಹಾಳಾಗಬಾರದು ಎಂದು ಪರಸಪ್ಪನ ಹೊಸ್ತಿಲ ಮುಂದೆಯೇ ಒಂದು ಮೆಟ್ಟಿಲು ಕಟ್ಟಿ ಹೋದ. ಅದು ಒಣಗುವತನಕ ಪರಸಪ್ಪ ಮನೆಗೆ ಹಿತ್ತಿಲಿನಿಂದಲೇ ಹೋಗಬೇಕಾಯಿತು.

ಹಾಗೆ ಹಿತ್ತಿಲಿನಿಂದ ಹೋಗಿ ಎರಡೂ ಮುಕ್ಕಾಲಿಗೆ ಊಟಕ್ಕೆ ಕೂತಾಗಲೇ ಅನಾಹುತವಾಯಿತು. ಹೊರಗೆ ಹಾಡು ಕೇಳಿಸಿತು. ರೊಟ್ಟಿ ಹಿಡಿದುಕೊಂಡೇ ಸುತ್ತುಹಾಕಿ ಓಡಿ ಬಂದ. ಹಗ್ಗ ನೆಲದ ಮೇಲಿತ್ತು. ಓಣಿಯ ಹೆಂಗಸರೆಲ್ಲ ಮರಕ್ಕೆ ಹಸಿರು ಇಳಕಲ್ಲ ಸೀರೆ ಸುತ್ತಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ಇಟ್ಟು ಉಡಿ ತುಂಬುತ್ತಿದ್ದರು. ಸಾವಿತ್ರವ್ವ ಬುಡಕ್ಕೆ ಸುರಿಯಲು ಬೆಲ್ಲದ ಹಾಲಿನ ತಂಬಿಗೆ ಎತ್ತಿದ್ದಳು.

"ಎಕ್ಕಾ, ಬೆಲ್ಲಾ ಹಾಕಿದ್ರ ಇರಬಿ ಬರ್ತಾವು. ಸೀರಿ ಬಿಚ್ಚ್ರಿ, ಕೆಸರು ಉದರತೈತಿ."

"ಜಡ್ಡಿನಿಂದ ಎದ್ದ ಮಗಳಿಗೆ ಉಡಿ ತುಂಬೂದು ಬ್ಯಾಡಂತೀಯೇನು ಪರಸು? ಸತ್ತss ಹೋತು ಅಂದಿದ್ವಿ. ಚಿಗತು ನಿಂತೈತಿ. ನನಗ ಕಣ್ಣಾಗ ನೀರು ಬಂದೈತಿ, ನೀ ಇರಬಿ ಅಂತೀದಿ," ಎಂದಳು ಸಾವಿತ್ರವ್ವ. ನಿಜವಾಗಿಯೂ ಅವಳ ಕಣ್ಣು ಒದ್ದೆಯಾಗಿತ್ತು. ಆದರೆ ಕಾಗದ ಸಿಗಬೇಕಲ್ಲ. ಪರಸಪ್ಪ ತಂಬಿಗೆ ಕಸಿದು ಹಾಲನ್ನು ತಾನೇ ಗಟಗಟ ಕುಡಿದ. ಆಮೇಲೆ ಸೀರೆಯ ಸೆರಗು ಹಿಡಿದು ಮರದ ಸುತ್ತ ತಿರುಗುತ್ತ ಬಿಚ್ಚತೊಡಗಿದ. ಹೆಂಗಸರು ಆ ಕಡೆಯಿಂದ ಎಳೆದರು.

ಸರಿಯಾಗಿ ಆಗಲೇ, ನಾಲ್ಕಕ್ಕೆ ಎಂದವಳು ಮೂರಕ್ಕೇ ವಿದ್ಯಾವತಿ ಸ್ಕೂಟರಿನಿಂದ ಇಳಿದಳು. ಇಂಡಿ ತಾಲೂಕಿನ ಲಿಂಬೆ ತೋಟದ ಕೆಲಸ ಬೇಗ ಮುಗಿದಿತ್ತು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಸೀರೆ, ಮೀಸೆಯ ಮೇಲೆ ಹಾಲು ಹೊತ್ತು ನಿಂತ ಪರಸಪ್ಪನನ್ನು ನೋಡಿ, "ಏನ್ರಿ ಇದು?" ಎಂದಳು.

"ಕೃತಜ್ಞತಾ ರಿ, ಬಾಯಾರ," ಎಂದ ಪರಸಪ್ಪ ಅಳುವವನಂತೆ.

ವಿದ್ಯಾವತಿ ನಗು ತಡೆದುಕೊಂಡು ಮರದ ಸುತ್ತ ಬಂದಳು. ಕೆಸರಿನ ಮೆತ್ತೆಗಳನ್ನು ಒಂದೊಂದಾಗಿ ನೋಡಿದಳು, ಕಾಂಡವನ್ನು ಬಡಿದು ಕಿವಿಗೊಟ್ಟಳು, ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದಳು.

"ಹೊಸಾ ಪುಡಿ ಎಲ್ಲೂ ಇಲ್ಲ. ಹುಳದ ಸುಳಿವಿಲ್ಲ. ಮರ ಗೆದ್ದೈತ್ರಿ," ಎಂದಳು.

ಪರಸಪ್ಪ ಕೈಮುಗಿದ. ಮುಂಜಾನೆಯಿಂದ ಎಲ್ಲರ ಕೃತಜ್ಞತೆಯನ್ನು ತಡೆದವನಿಗೆ ತನ್ನದನ್ನು ತಡೆಯಲಾಗಲಿಲ್ಲ. "ಬಾಯಾರ, ಕುರ್ಚಿ ಮ್ಯಾಲ ಕುಂಡರಬ್ಯಾಡ್ರಿ. ನಿಮಗಂತ ಬ್ಯಾರೇನ ಇಟ್ಟೇನಿ," ಎಂದು ಹನೀಫನನ್ನು ಕರೆದುಕೊಂಡು ಹಿತ್ತಿಲಿಗೆ ಹೋದ. ಇಬ್ಬರೂ ಕೂಡಿ ಒಂದು ದಪ್ಪ ದಿಮ್ಮಿಯನ್ನು ಉರುಳಿಸಿಕೊಂಡು ಬಂದರು. ಪರಸಪ್ಪ ಅದರ ಮೇಲೆ ಜಮಖಾನೆ ಹಾಸಿದ. ವಿದ್ಯಾವತಿ ಕೂತಳು. ಹೆಂಗಸರು ಕುಂಕುಮ ಹಚ್ಚಿ ಉಡಿ ತುಂಬಿದರು, ಶಾಲು ಹೊದಿಸಿದರು. ಮಾಸ್ತರರು ಏಳು ಹಾಳೆಯಲ್ಲಿ ಎರಡನೆಯದಕ್ಕೆ ಬಂದಾಗ ವಿದ್ಯಾವತಿ ಮೆಲ್ಲಗೆ ಎದ್ದು ನಿಂತಳು. ಅವಳ ಚಪ್ಪಲಿಯ ಮೇಲೆ ಹಳದಿ ಪುಡಿ ಬಿದ್ದಿತ್ತು.

ಜಮಖಾನೆ ಎತ್ತಿದಳು. ದಿಮ್ಮಿಯ ತೊಗಟೆಯ ತುಂಬ ತೂತು. ಕೊಕ್ಕೆ ತಂತಿ ಹಾಕಿ ಎಳೆದಳು, ಬೆರಳುದ್ದದ ಬಿಳಿ ಹುಳವೊಂದು ಮೈಮುರಿಯುತ್ತ ಹೊರಗೆ ಬಂತು.

"ಇದು ಯಾವ ಮರದ್ದು?"

"ಇದರದss ರಿ. ಹೋದ ವರ್ಷ ಗಾಳಿಗೆ ಬಿದ್ದ ಟೊಂಗಿ," ಎಂದ ಪರಸಪ್ಪ. "ಜೋಕಾಲಿ ಹಲಗಿ ಮಾಡಿಸಬೇಕಂತ ಇಟ್ಟೇನ್ರಿ. ಸೀಳಬಾರ್ದಂತ ದಿನಾ ನೀರು ಹೊಡದು, ಗೋಣಿಚೀಲ ಹೊಚ್ಚಿ ಜ್ವಾಪಾನ ಮಾಡೇನಿ. ಇದರ ನೆರಳಿನ ಋಣ ಐತಲ್ರಿ ನನ್ನ ಮ್ಯಾಲ."

"ಒಣ ಕಟಗಿ ಐತೇನು ಅಂದ್ರ ಇಲ್ಲ ಅಂದ್ರಿ?"

"ಇದು ಕಟಗಿ ಅಲ್ರಿ, ಜೋಕಾಲಿ."

ವಿದ್ಯಾವತಿ ಶಾಲಿನ ಅಂಚಿನಿಂದ ಹಣೆ ಒರೆಸಿಕೊಂಡಳು. "ಪರಸಪ್ನವರ, ಹುಳ ಹುಟ್ಟಿದ್ದು ಇದರಾಗ. ಇಲ್ಲಿಂದ ದುಂಬಿಯಾಗಿ ಹಾರಿ ಮರಕ್ಕ ಹೋಗ್ಯಾವು. ಬರೂ ಮಳಿಗಾಲಕ್ಕ ಮತ್ತ ಹೋಗ್ತಾವು. ನೀವು ಹುಳಕ್ಕ ಒಂದ ವರ್ಷ ಬಾಣಂತನ ಮಾಡೀರಿ. ಇದನ್ನ ಈಗss ಸೀಳಿ ಸುಟ್ರ ಕಾಗದ ಕೊಡ್ತೇನಿ."

ಎಲ್ಲರೂ ಪರಸಪ್ಪನನ್ನೇ ನೋಡಿದರು. ಅವನು ದಿಮ್ಮಿಯನ್ನು ಒಮ್ಮೆ ಸವರಿದ. ಆಮೇಲೆ ತಾನೇ ಹೋಗಿ ಕೊಡಲಿ ತಂದ.

ಓಣಿಯ ತುದಿಯಲ್ಲಿ ಮೂರು ಕಲ್ಲು ಹೂಡಿ ಜೋಕಾಲಿಯಾಗಬೇಕಾದದ್ದಕ್ಕೆ ಉರಿ ಹಚ್ಚಿದರು. ಬೆಂಕಿ ವ್ಯರ್ಥ ಹೋಗಬಾರದು ಎಂದು ರೇವವ್ವ ಅದರ ಮೇಲೆ ಇಡೀ ಓಣಿಗೆ ಚಹಾ ಇಟ್ಟಳು. ಹೊಗೆ ಕಣ್ಣಿಗೆ ಹತ್ತಿತು ಎಂದು ಪರಸಪ್ಪ ಎರಡು ಸಲ ಕಣ್ಣು ಒರೆಸಿಕೊಂಡ. ವಿದ್ಯಾವತಿ ಕಾಗದಕ್ಕೆ ಸಹಿ ಮಾಡಿದಳು.

"ಇನ್ನೊಂದು ವರ್ಷ ಮರಾ ನೋಡ್ಕೊಳಾಕ ಒಬ್ಬರು ಬೇಕ್ರಿ. ಗಟ್ಟಿ ಬಾಯಿಯವ್ರು ಆದ್ರ ಚಲೋ," ಎಂದಳು.

ಓಣಿಗೆ ಓಣಿಯೇ ಸಾವಿತ್ರವ್ವನ ಕಡೆ ತಿರುಗಿತು. ವಿದ್ಯಾವತಿಯ ಸ್ಕೂಟರು ಹೋದಮೇಲೆ ಸಾವಿತ್ರವ್ವ ಸೆರಗು ಬಿಗಿದು, ಬಿದ್ದ ಗೂಟಗಳನ್ನು ಮತ್ತೆ ನೆಟ್ಟು ಹಗ್ಗ ಕಟ್ಟಿ, ಒಳಗಡೆ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತಳು.

ಪರಸಪ್ಪ ಕಾಗದವನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು, ಚಹಾದ ಕಪ್ಪು ಹಿಡಿದು, ಮರದ ಬುಡಕ್ಕೆ ಬೆನ್ನು ಆನಿಸೋಣ ಎಂದು ಒಂದು ಕಾಲು ಹಗ್ಗದೊಳಗಿಟ್ಟ.

"ಪರಸು, ಮರದ ಮ್ಯಾಲ ಪ್ರೀತಿ ಐತಿಲ್ಲೋ ನಿನಗ?" ಎಂದಳು ಸಾವಿತ್ರವ್ವ.

"ಐತಿ ಎಕ್ಕಾ."

"ಹಂಗಾರ ಆಚೀಕ ನಿಲ್ಲು."

ಪರಸಪ್ಪ ಕಾಲು ಹಿಂದಕ್ಕೆ ತೆಗೆದ. ಇಳಿಬಿಸಿಲು ಮುಖಕ್ಕೆ ಬಡಿಯುತ್ತಿತ್ತು. ಹೆಗಲ ಮೇಲಿನ ಟವೆಲ್ಲನ್ನು ಕಾಲುವೆ ದಂಡೆಯ ದಿನಗಳಂತೆ ತಲೆಗೆ ಸುತ್ತಿಕೊಂಡು, ಹಗ್ಗದ ಹೊರಗೆ ನಿಂತೇ ಚಹಾ ಕುಡಿದ. ಮೇಲೆ ಚಿಗುರು ಅಲ್ಲಾಡುತ್ತಿತ್ತು. ಚಹಾದಲ್ಲಿ ಮಾವಿನ ಕಟ್ಟಿಗೆಯ ಹೊಗೆಯ ವಾಸನೆ ಚೆನ್ನಾಗಿಯೇ ಇತ್ತು.