ಒಂದು ಮೊಳೆಗೆ ಇಬ್ಬರು

ಸರ್ಕಾರ ಬಿದ್ದಾಗಲೆಲ್ಲ ಆ ಮನೆಯಲ್ಲಿ ಒಂದು ಸುತ್ತಿಗೆ ಏಳುತ್ತಿತ್ತು. ಯಜಮಾನರು ದೊಡ್ಡ ಕಚೇರಿಯ ಜವಾನರು. ಅಲ್ಲಿನ ಗೋಡೆಯ ಮೇಲೆ ಪಟವಾಗಿದ್ದ ಹಳೇ ಮುಖ್ಯಸ್ಥರನ್ನು ಇಳಿಸಿ ಹೊಸಬರನ್ನು ಏರಿಸುವುದು ಅವರ ಕೆಲಸ. (ಜನ ವೋಟು ಹಾಕಿ ಇಳಿಸುತ್ತಾರೆ ಅನ್ನುವುದು ಸುಳ್ಳು. ಇಳಿಸುತ್ತಿದ್ದವರು ಇವರು, ಏಣಿ ಹಾಕಿಕೊಂಡು.) ಕಚೇರಿಯಲ್ಲಿ ಎಲ್ಲರೂ ಪಟದಣ್ಣ ಎನ್ನುತ್ತಿದ್ದರು. ಅಷ್ಟು ಸರ್ಕಾರಗಳನ್ನು ಗೋಡೆಗೇರಿಸಿದ ಮನುಷ್ಯ ಮನೆಯ ಗೋಡೆಗೆ ಮಾತ್ರ ಯಾರನ್ನೂ ಹತ್ತಿಸಲಿಲ್ಲ. ಕೊನೆಗೆ ಅದನ್ನು ಹತ್ತಿದ್ದು ಅವರೇ, ಹೋದ ವರ್ಷ, ಪುಟ್ಟ ಚೌಕಟ್ಟಿನೊಳಗೆ.

ಹೆಂಡತಿ ದಿನಾ ಬೆಳಿಗ್ಗೆ ಆ ಪಟ ಒರೆಸಿ, ಹಾಲು ಒಡೆದದ್ದು, ನಲ್ಲಿ ಸೋರುವುದು ಎಲ್ಲವನ್ನೂ ವರದಿ ಒಪ್ಪಿಸುತ್ತಿದ್ದಳು. ಬದುಕಿದ್ದಾಗಲೂ ಉತ್ತರ ಕೊಟ್ಟವರಲ್ಲ, ಆದ್ದರಿಂದ ಹೆಚ್ಚು ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಸಂಜೆ ಮಾತ್ರ ತಿಳಿಯುತ್ತಿತ್ತು.

ಅಷ್ಟರಲ್ಲಿ ಮತ್ತೆ ಸರ್ಕಾರ ಬದಲಾಯಿತು. ಗಂಡನ ತಂಗಿ ಸುದ್ದಿ ಹೊತ್ತು ಬಂದಳು. ಹೊಲಿಗೆ ಅಂಗಡಿ ಇಟ್ಟಿದ್ದ ಈ ನಾದಿನಿಗೆ ಲೋಕದ ಅಳತೆಯೆಲ್ಲ ಗೊತ್ತು. ಸತ್ತ ನೌಕರರ ಹೆಂಡಿರ ಪಿಂಚಣಿಯನ್ನು ಹೊಸಬರು ಮತ್ತೆ ಪರಿಶೀಲಿಸುತ್ತಾರಂತೆ, ಮನೆಗೇ ಬರುತ್ತಾರಂತೆ. ಇನ್ನೊಂದು ಮದುವೆಯಾಗಿದ್ದರೆ ಪಿಂಚಣಿ ಬಂದ್. ಹೊಸಬರ ಮೇಲೆ ಭಕ್ತಿ ಕಾಣದಿದ್ದರೂ ಬಂದ್. (ಮೊದಲನೆಯದು ಕಾನೂನು. ಎರಡನೆಯದು ನಾದಿನಿಯ ಕೈಹೊಲಿಗೆ.)

ಅತ್ತಿಗೆಯ ನಿದ್ದೆ ಹಾರಿತು. ಪಿಂಚಣಿ ಬಿಟ್ಟರೆ ಅವಳಿಗಿದ್ದದ್ದು ಎರಡು ಕೈ, ಅದರಲ್ಲೊಂದು ಸದಾ ನೋಯುವ ಮಂಡಿ ಹಿಡಿದುಕೊಂಡೇ ಇರುತ್ತಿತ್ತು.

ಮರುದಿನ ನಾದಿನಿ ಹೊಸ ಮುಖ್ಯಸ್ಥರ ಪಟ ತಂದಳು. ಚುನಾವಣೆಯ ಪಟ. ಯಾವುದೋ ಕಾಲದ ಎಳೇ ಮುಖ, ಕರೀ ಮೀಸೆ, ಕೆನ್ನೆಗೆ ಬಣ್ಣ. ಬಾಗಿಲಿಗೆ ಎದುರಾಗಿದ್ದ ಮೊಳೆ ಒಂದೇ, ಅದರಲ್ಲಿ ಗಂಡ.

“ಒಂದು ದಿನ ಇಳಿಸಿದ್ರೆ ಅಣ್ಣ ಏನೂ ಅಂದ್ಕೊಳ್ಳಲ್ಲ ಅತ್ತಿಗೆ.”

“ನಿನ್ನ ಗಂಡನ್ನ ಇಳಿಸು ಹೋಗು.”

“ಅವರು ಹತ್ತಿದ್ರೆ ತಾನೆ ಇಳಿಸೋದು? ಮಂಚ ಬಿಟ್ಟು ಎದ್ದೋರಲ್ಲ.”

ಅತ್ತಿಗೆ ಗಂಡನನ್ನು ಇಳಿಸಿ, ಟವೆಲಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಹೊಸಬರ ಚೌಕಟ್ಟು ಭಾರ, ಹಳೇ ಮೊಳೆ ಬಾಗಿತು. ನಾದಿನಿ ಅದನ್ನು ಕಿತ್ತು ದಪ್ಪ ಮೊಳೆ ಹೊಡೆದಳು. ಮೊರದಗಲ ಗಾರೆ ಉದುರಿ ಇಟ್ಟಿಗೆ ಕಂಡಿತು. ಪಟ ಅದನ್ನು ಮುಚ್ಚಿತು. (ಹೊಸ ಸರ್ಕಾರದ ಮೊದಲ ಸಾಧನೆ.)

ಪರಿಶೀಲನೆಗೆ ಒಬ್ಬರು ಬಂದರು. ವಯಸ್ಸಾದವರು, ಮೆತ್ತಗಿನ ಮಾತು. ಮನೆಯಲ್ಲಿದ್ದ ಒಂದೇ ಕುರ್ಚಿ ಅವರಿಗೆ ಹೋಯಿತು. ಕೇಳಿದ್ದಕ್ಕೆಲ್ಲ ಹೌದು ಅನ್ನಬೇಕೆಂದು ನಾದಿನಿ ಪಾಠ ಹೇಳಿದ್ದಳು. ಇದೇ ಮನೆಯೇ, ಹೌದು. ದೊಡ್ಡ ಕಚೇರಿಯೇ, ಹೌದು. ಆಮೇಲೆ ಅವರು ಗೋಡೆ ನೋಡಿದರು.

“ಇವರೇನಾ ನಿಮ್ಮ ಯಜಮಾನ್ರು?”

“ಹೌದು” ಎಂದಳು ಅತ್ತಿಗೆ. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಅವರು ಕಡತ ತೆರೆದರು. ಅದರಲ್ಲಿದ್ದದ್ದು ಒಣಕಲು ಮುಖ, ಬೋಳು ತಲೆ, ಅಗಲ ಕಿವಿ. ಗೋಡೆ ನೋಡಿದರು, ಕಡತ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು.

“ಕಡತದಲ್ಲಿರೋರು ಬೇರೆ ಅಮ್ಮಾ. ಗೋಡೆ ಮೇಲಿರೋರನ್ನ ಮದುವೆ ಆಗಿದ್ದು ಯಾವಾಗ?”

ಅತ್ತಿಗೆ ಒಳಗೆ ಹೋಗಿ ಟವೆಲಿನ ಗಂಟು ತಂದು ಬಿಚ್ಚಿದಳು.

“ನನ್ನ ಗಂಡ ಇವರು. ಅದ್ಯಾರೋ ನಂಗೊತ್ತಿಲ್ಲ, ಸರ್ಕಾರವಂತೆ.”

ಅವರು ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ನಗುವಿಗೆ ಅವರ ಬೆನ್ನು ಕುಲುಕಿತು. ತಿರುಗಿ ಬಂದು ರುಜು ಹಾಕಿಸಿಕೊಂಡರು.

“ಪಿಂಚಣಿ ಗೋಡೆ ನೋಡಿ ಕೊಡೋದಲ್ಲಮ್ಮ. ಅವರು ದುಡಿದದ್ದು, ನಿಮ್ಮ ಹಕ್ಕು. ಯಾರು ಬಂದ್ರೂ ನಿಲ್ಲಲ್ಲ.” ಬಾಗಿಲಲ್ಲಿ ಮತ್ತೆ ನಿಂತರು. “ದೊಡ್ಡ ಕಚೇರಿ ಗೋಡೆ ಮೇಲೆ ಇನ್ನೂ ಹಳಬರೇ ಇದ್ದಾರಂತೆ. ನಿಮ್ಮ ಪಟದಣ್ಣ ಹೋದ್ಮೇಲೆ ಇಳಿಸೋರಿಲ್ಲ.”

ಅತ್ತಿಗೆ ಕೂಡಲೇ ಹೊಸಬರನ್ನು ಇಳಿಸಿದಳು. ಇಟ್ಟಿಗೆ ಹಲ್ಲು ಕಿರಿಯಿತು. ಗಂಡನ ಪುಟ್ಟ ಚೌಕಟ್ಟಿನ ಕೊಂಡಿ ದಪ್ಪ ಮೊಳೆಗೆ ಹಿಡಿಯಲಿಲ್ಲ, ತೂತೂ ಮುಚ್ಚಲಿಲ್ಲ. ಬಾಡಿಗೆ ಮನೆ, ಒಡೆಯ ನೋಡಿದರೆ ಗ್ರಹಚಾರ. ವಿಧಿಯಿಲ್ಲದೆ ಸರ್ಕಾರವನ್ನೇ ಮತ್ತೆ ಏರಿಸಿದಳು.

ಗಂಡನನ್ನು ಕುರ್ಚಿಯಲ್ಲಿ ಒರಗಿಸಿಟ್ಟಳು. ಜೀವಮಾನವೆಲ್ಲ ಏಣಿಯ ಮೇಲೆ ನಿಂತವರು, ಈಗ ಹಾಯಾಗಿ ಕೂತಿದ್ದಾರೆ. ಅವಳು ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತು ವರದಿ ಒಪ್ಪಿಸುತ್ತಾಳೆ. ಏಳಿ ಎಂದು ಹೇಳಲು ಮನಸ್ಸು ಬರುವುದಿಲ್ಲ.