ಕೊನೆಪೇಟೆ ಮಾದರಿ

ಅಂಕಾವತಿ ಎಂಬ ರಾಜ್ಯ ಹಿಂದೊಮ್ಮೆ ಇತ್ತು. ಎಷ್ಟು ಹಿಂದೆ ಎಂದರೆ, ಸರ್ಕಾರಿ ಶಾಲೆಗೆ ಮಕ್ಕಳು ಬರುತ್ತಿದ್ದ ಕಾಲದಲ್ಲಿ.

ಆ ರಾಜ್ಯದ ಕೊನೆಪೇಟೆಯಲ್ಲಿ ಒಂದು ಸೋಮವಾರ ಹತ್ತು ಗಂಟೆಯಾದರೂ ಮಿಡ್ಲ್ ಸ್ಕೂಲಿನ ಗಂಟೆ ಹೊಡೆಯಲಿಲ್ಲ. ಶಾಲೆಗಿದ್ದ ಒಬ್ಬರೇ ಮೇಷ್ಟರು ಚನ್ನವೀರಯ್ಯನವರು ಪೂಜೆಗೆ ಕುಳಿತಲ್ಲೇ ಶಿವೈಕ್ಯರಾದದ್ದು ಊರಿಗೆ ತಿಳಿದದ್ದು ಹಾಗೆ. ಅದೇ ದಿನದ ಟಪಾಲಿನಲ್ಲಿ ಅವರ ಹೆಸರಿಗೊಂದು ನೋಟೀಸು ಬಂತು: ‘ತಮ್ಮ ಶಾಲೆಯ ಫಲಿತಾಂಶ ರಾಜ್ಯದಲ್ಲೇ ಕಡೆಯದಾಗಿದ್ದು, ಏಳು ದಿನಗಳೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು.’

ಸಮಜಾಯಿಷಿ ಊರಿಗೆಲ್ಲ ಗೊತ್ತಿತ್ತು. ಪರೀಕ್ಷೆ ಹತ್ತಿರವಾದೊಡನೆ ಖಾಸಗಿ ಶಾಲೆಗಳು ಹಿಂದುಳಿದ ಮಕ್ಕಳ ಕೈಗೆ ಟಿ.ಸಿ. ಕೊಟ್ಟು ಕಳಿಸಿ, ನೂರಕ್ಕೆ ನೂರು ಎಂದು ಬ್ಯಾನರು ಕಟ್ಟುತ್ತಿದ್ದವು. ಆ ಮಕ್ಕಳನ್ನೆಲ್ಲ ಮೇಷ್ಟರು ಸೇರಿಸಿಕೊಳ್ಳುತ್ತಿದ್ದರು. ಬರೆದಷ್ಟಕ್ಕೇ ಅಂಕ ಕೊಡುತ್ತಿದ್ದರು. ಫೇಲಾದವರನ್ನು ಸಂಜೆ ಕೂರಿಸಿಕೊಂಡು ಮತ್ತೆ ಕಲಿಸುತ್ತಿದ್ದರು. ಆಮೇಲೆ ಕಲಿತದ್ದಕ್ಕೆ ಇಲಾಖೆಯ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಮೂರು ತಿಂಗಳಾದರೂ ಬೇರೆ ಮೇಷ್ಟರು ಬಾರದಿರಲು, ಸಾಕಮ್ಮ ಎಂಬ ತಾಯಿ ಶತಾಂಶವರ್ಮ ಮಹಾರಾಜರ ಆಸ್ಥಾನಕ್ಕೆ ಹೋದಳು.

“ಬುದ್ಧೀ, ನನ್ ಮಗ್ಳು ಗೌರೀನ ದುಡ್ಡಿನ ಶಾಲೆಯೋರು ದಡ್ಡಿ ಅಂತ ಆಚೆ ಹಾಕಿದ್ರು. ನಮ್ ಮೇಷ್ಟ್ರು ಭಿನ್ನರಾಶಿಗಂಟ ತಂದು ನಿಲ್ಸಿದ್ರು. ಒಬ್ರು ಮೇಷ್ಟ್ರನ್ನ ಕೊಡಿ, ಏಳ್ನೇ ಕ್ಲಾಸು ದಾಟ್ಕತಾಳೆ.”

ಮಹಾರಾಜರು ವಿದ್ಯಾಮಾತ್ಯನತ್ತ ತಿರುಗಿದರು. “ಈ ಮೂರು ತಿಂಗಳಲ್ಲಿ ಆ ಶಾಲೆಯ ಪರ್ಫಾರ್ಮೆನ್ಸ್ ಎಂತಿದೆ?”

ಅಮಾತ್ಯನು ಟ್ಯಾಬನ್ನು ಕಣ್ಣಿಗೊತ್ತಿಕೊಂಡು ನೋಡಿದನು. “ಅದ್ಭುತ, ಪ್ರಭು. ಒಬ್ಬರೂ ಫೇಲಾಗಿಲ್ಲ.”

“ಪರೀಕ್ಷೆ ನಡೆಯಿತೇ?”

“ನಡೆಸಲು ಯಾರೂ ಇಲ್ಲ, ಪ್ರಭು.”

ಮಹಾರಾಜರು ಬಹಳ ಹೊತ್ತು ಚಿಂತಿಸಿದರು. “ಹಾಗಾದರೆ ಇಷ್ಟು ವರ್ಷ ಫೇಲು ಮಾಡುತ್ತಿದ್ದವರು ಮೇಷ್ಟರೇ.”

“ಮೂವತ್ತು ವರ್ಷ ಇಲಾಖೆಗೆ ಹೊಳೆಯದ್ದು ಪ್ರಭುಗಳಿಗೆ ಕ್ಷಣದಲ್ಲಿ ಹೊಳೆಯಿತು.”

“ಅಂಗೇ ಅರಮನೆ ಅಡುಗೆ ಭಟ್ಟರ್‍ನೂ ತೆಗೆದ್ಬುಡಿ ಬುದ್ಧೀ,” ಎಂದಳು ಸಾಕಮ್ಮ. “ಸಾರಿಗೆ ಉಪ್ಪು ಜಾಸ್ತಿ ಆಗೋದೇ ಇಲ್ಲ.”

ಪ್ರಜೆಯೊಬ್ಬಳು ತಮ್ಮ ತರ್ಕವನ್ನು ಮುಂದುವರಿಸಿದಳೆಂದು ಮಹಾರಾಜರು ಸಂತೋಷದಿಂದ ತಲೆದೂಗಿದರು.

ಮರುದಿನವೇ ‘ಕೊನೆಪೇಟೆ ಮಾದರಿ’ಯ ರಾಜಾಜ್ಞೆ ಹೊರಟಿತು. ರಾಜ್ಯದ ಮಿಡ್ಲ್ ಸ್ಕೂಲುಗಳ ಮೇಷ್ಟರುಗಳನ್ನೆಲ್ಲ ಪಾಠದಿಂದ ಬಿಡುಗಡೆ ಮಾಡಿ, ಶಾಲೆ ಬಿಟ್ಟ ಮಕ್ಕಳ ಗಣತಿಗೆ ಹಾಕಲಾಯಿತು. ಗಣತಿಗೆ ಮಕ್ಕಳ ಕೊರತೆ ಬೀಳಲಿಲ್ಲ.

ವರ್ಷದ ಕೊನೆಗೆ ಮಹಾರಾಜರು ಕೊನೆಪೇಟೆಗೆ ಚಿತ್ತೈಸಿ, ಅತ್ಯುತ್ತಮ ಶಾಲೆಯ ಪ್ರಶಸ್ತಿ ನೀಡಿದರು. ಸ್ವೀಕರಿಸಲು ಯಾರೂ ಇರಲಿಲ್ಲವಾಗಿ, ಮೇಷ್ಟರ ಖಾಲಿ ಕುರ್ಚಿಗೇ ಶಾಲು ಹೊದಿಸಿ ಪೇಟ ಇಟ್ಟರು. ದಾಖಲಾತಿ ಸೊನ್ನೆ, ಫೇಲಾದವರು ಸೊನ್ನೆ ಎಂದು ಅಮಾತ್ಯನು ಓದಿದಾಗ ಆಸ್ಥಾನಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಗೌರಿ ಆಗ ಇಟ್ಟಿಗೆ ಗೂಡಿನಲ್ಲಿದ್ದಳು. ಮುಕ್ಕಾಲು ಗಾಡಿಗೆ ಎಷ್ಟು ಇಟ್ಟಿಗೆ ಎಂದು ಮೇಸ್ತ್ರಿಗೆ ತಿಳಿಯದಿದ್ದಾಗ ಅವಳೇ ಹೇಳಿಕೊಡುತ್ತಿದ್ದಳಂತೆ.

ಪರಶಿವನು ಚನ್ನವೀರಯ್ಯ ಮೇಷ್ಟರ ಆತ್ಮಕ್ಕೆ ಶಾಂತಿ ಕೊಡಲಿ. ಯಾರೋ ಆಚೆ ಹಾಕಿದ ಮಕ್ಕಳು ಅಲ್ಲಿಯೂ ಇದ್ದರೆ, ಅವರ ಪಕ್ಕದಲ್ಲಿ ಮೇಷ್ಟರಿಗೆ ಕೂರಲು ಒಂದಿಷ್ಟು ಜಾಗ ಸಿಗಲಿ. ಆ ನೋಟೀಸು ಮಾತ್ರ ಅಲ್ಲಿಗೆ ತಲುಪದಿರಲಿ.