ಪ್ಲಾನಿನಲ್ಲಿಲ್ಲದ ಕಿಟಕಿ

ಆತನಿಗೆ ವಸ್ತುಗಳು ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ. ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ; ಮೂವತ್ತೆಂಟು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿ ಸಾವಧಾನವಾಗಿ ಬಂದು ಮುಟ್ಟಿದ ತೀರ್ಮಾನ. ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದಾಗ ಯಾವ ಕಪಾಟಿನಲ್ಲಿ ಎಷ್ಟು ನಟ್ಟು, ಎಷ್ಟು ಬೋಲ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಹೆಂಡತಿ ಕನ್ನಡಕ ಹಾಕಿಕೊಳ್ಳತೊಡಗಿದ್ದು ಅದೇ ಮನುಷ್ಯನಿಗೆ ತಿಳಿಯಲು ಐದು ತಿಂಗಳು ಬೇಕಾಯಿತು. ತಿಳಿದದ್ದೂ ಅವಳ ಮುಖ ನೋಡಿ ಅಲ್ಲ, ಕನ್ನಡಕದ ಡಬ್ಬಿ ಮೇಜಿನ ಮೇಲೆ ಹೊಸ ಐಟಂ ಆಗಿ ಕಂಡದ್ದರಿಂದ.

ನಿವೃತ್ತನಾದ ಮೇಲೆ ಆತನ ಕಣ್ಣು ಮನೆಯ ಪಕ್ಕದ ಕಾರ್ ಶೆಡ್ಡಿನ ಮೇಲೆ ಬಿತ್ತು. ನಾಲ್ಕು ಕಂಬ, ಮೇಲೊಂದು ತಗ್ಗಾದ ಶೀಟು, ಹಿಂದೆ ಕಾಂಪೌಂಡು, ಒಂದು ಪಕ್ಕಕ್ಕೆ ಮನೆಯ ಗೋಡೆ. ಉಳಿದ ಎರಡು ಕಡೆ ಬಯಲು. ಆ ಎರಡು ಕಡೆಯನ್ನೂ ಮುಚ್ಚಿ, ಪಕ್ಕಕ್ಕೆ ತಗಡು, ಮುಂದಕ್ಕೆ ಶಟರ್ ಹಾಕಿಸಿ, ಒಳಗೆ ಮನೆಯ ಹಳೆ ಮುರುಕು ಸಾಮಾನು ಪೇರಿಸಿ ಬೀಗ ಜಡಿಯಬೇಕೆಂಬುದು ಆತನ ಯೋಜನೆ. ಆದರೆ ಅಡುಗೆಮನೆಗೆ ಇರುವ ಒಂದೇ ಒಂದು ಕಿಟಕಿ ತೆರೆಯುವುದು ಆ ಶೆಡ್ಡಿಗೆ. ಮೂವತ್ತು ವರ್ಷ ಭೂಗೋಳದ ಟೀಚರಾಗಿ ಮಕ್ಕಳಿಗೆ ಏಳು ಖಂಡ ತೋರಿಸಿದ ಹೆಂಡತಿಗೆ ಈಗ ಉಳಿದಿರುವ ಪ್ರಪಂಚವೆಂದರೆ ಆ ಕಿಟಕಿಯಿಂದ, ಶೆಡ್ಡಿನ ಬಯಲು ಪಕ್ಕದಾಚೆ ಕಾಣುವ ಬೀದಿಯ ತಿರುವು. ತಗಡು ಬಿದ್ದರೆ ಅದೂ ಹೋಯಿತು. ಇದನ್ನು ತಾನು ಬಾಯಿಬಿಟ್ಟು ಹೇಳಬಾರದು, ಆತನಿಗೇ ಹೊಳೆಯಬೇಕು ಎಂಬುದು ಅವಳ ಹಟ. ಬೆಳಿಗ್ಗೆ ಹತ್ತಕ್ಕೆ ವೆಲ್ಡರ್ ಅಳತೆಗೆಂದು ಬಂದಾಗ ಮಾತು ಆಗಲೇ ಕಾವೇರಿತ್ತು.

ಹೆಂಡತಿ: ಹಾಗಾದ್ರೆ ಕಾರು?

ಗಂಡ: ರಸ್ತೇಲಿ ನಿಲ್ಲುತ್ತೆ.

ಹೆಂಡತಿ: ಕಾರ್ ಶೆಡ್ಡಲ್ಲಿ ತಿರುಗದ ಫ್ಯಾನು, ತಿರುಗೋ ಕಾರು ಬೀದೀಲಿ! ಯಾರಾದ್ರೂ ಕೇಳಿದ್ರೆ ನಗ್ತಾರೆ.

ಗಂಡ: ಕಾರಿಗೆ ಅದರದ್ದೇ ಬೀಗ ಇದೆ. ಫ್ಯಾನಿಗೆ ಇದೆಯಾ?

ವೆಲ್ಡರ್ ಗೇಟಿನ ಹತ್ತಿರವೇ ನಿಂತ.

ವೆಲ್ಡರ್: ಸಾರ್, ಆಮೇಲೆ ಬರಲಾ?

ಗಂಡ: ಯಾಕೆ? ನಾವೇನು ಜಗಳ ಆಡ್ತಿಲ್ಲ. ಚರ್ಚೆ.

ಹೆಂಡತಿ: ನಾನು ಆಡ್ತಿರೋದು ಜಗಳಾನೇ ಕಣಪ್ಪಾ. ಅವರದ್ದು ಏನೋ ನನಗೆ ಗೊತ್ತಿಲ್ಲ. ಬಾ ಒಳಗೆ.

ವೆಲ್ಡರ್: (ದನಿ ತಗ್ಗಿಸಿ) ಏನೇನು ಹೋಯ್ತಮ್ಮಾ?

ಹೆಂಡತಿ: ಏನು ಹೋಗೋದು?

ವೆಲ್ಡರ್: ಕಳುವಾಗದೆ ಯಾರೂ ಶಟರ್ ಹಾಕ್ಸಲ್ಲ ನೋಡಿ.

ಹೆಂಡತಿ: ಹೋಗಿದ್ರೆ ನಾನು ಆ ಕಳ್ಳನ್ನ ಕರೆದು ಕೂರಿಸಿ ಕಾಫಿ ಕೊಡ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಇಲ್ಲಿಂದ ಒಂದು ಮೊಳೆ ಹೋಗಿಲ್ಲ. ಹೋದ ತಿಂಗಳು ಯಾರೋ ಪುಣ್ಯಾತ್ಮರು ಕಾಲು ಮುರಿದ ಕುರ್ಚಿ ತಂದು ಇಟ್ಟು ಹೋಗಿದ್ದಾರೆ. ಗುಜರಿ ಅಂಗಡಿ ಅಂದ್ಕೊಂಡಿರಬೇಕು.

ಗಂಡ: ಅದಕ್ಕೇ ನಾನು ಹೇಳೋದು! ಭದ್ರತೆ ಅನ್ನೋದೇ ಇಲ್ಲ. ಯಾರು ಬೇಕಾದ್ರೂ ಬರ್ತಾರೆ.

ಹೆಂಡತಿ: ಬಂದವರು ಇಟ್ಟು ಹೋಗ್ತಿದ್ದಾರೆ ರೀ. ಹೊತ್ಕೊಂಡು ಹೋಗ್ತಿಲ್ಲ.

ಗಂಡ: ಅನಧಿಕೃತ ಜಮೆ. ಅದೂ ತಪ್ಪೇ.

ವೆಲ್ಡರ್: ಆ ಕುರ್ಚಿ ಬಿಸಾಕಿದ್ರಾ ಸಾರ್?

ಗಂಡ: ಪಟ್ಟಿಗೆ ಏರಿಸಿ ಆದ್ಮೇಲೆ ಬಿಸಾಕೋದು ಹೇಗಪ್ಪಾ? ಐಟಂ ನಂಬರ್ ನೂರಾ ನಲವತ್ತೊಂದು.

ಆತ ಕಂಕುಳಲ್ಲಿದ್ದ ಉದ್ದನೆಯ ಪುಸ್ತಕ ತೆರೆದು ತೋರಿಸಿದ. ಪ್ರತಿ ಹಾಳೆಗೂ ಸ್ಕೇಲು ಹಿಡಿದು ಗೆರೆ ಎಳೆದಿತ್ತು. ಮೂರು ಅಂಕಣ: ಉಪಯೋಗದಲ್ಲಿದೆ, ದುರಸ್ತಿಗೆ ಯೋಗ್ಯ, ವಿಲೇವಾರಿ. ನಡುವಿನ ಅಂಕಣ ಇರುವೆ ಸಾಲಿನಂಥ ಅಕ್ಷರಗಳಿಂದ ತುಂಬಿ ತುಳುಕುತ್ತಿತ್ತು. ಕೊನೆಯದು ಬಟ್ಟಬಯಲು.

ಹೆಂಡತಿ: ವಿಲೇವಾರಿ ಅಂತ ಅಷ್ಟು ಚಂದ ಗೆರೆ ಎಳೆದು ಖಾಲಿ ಬಿಟ್ಟಿದ್ದೀರಲ್ಲ?

ಗಂಡ: ವಿಲೇವಾರಿಗೆ ಮೂವರ ಸಮಿತಿಯ ಸಹಿ ಬೇಕು.

ಹೆಂಡತಿ: ಈ ಮನೇಲಿ ಇರೋದು ಇಬ್ಬರು.

ಗಂಡ: ಅದಕ್ಕೇ ಖಾಲಿ ಇರೋದು.

ಹೆಂಡತಿ: (ವೆಲ್ಡರ್ ಕಡೆ ತಿರುಗಿ) ನೀನು ಮೂರನೆಯವನಾಗ್ತೀಯೇನಪ್ಪಾ?

ವೆಲ್ಡರ್: ಅಮ್ಮಾ, ನಾನು ಸಹಿ ಹಾಕಿದ್ರೆ ಸಾಮಾನೇ ಉಳಿಯಲ್ಲ. ಸಾಮಾನಿಲ್ಲದ ಮೇಲೆ ಶಟರ್ ಯಾಕೆ? ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಳಲಾ?

ಗಂಡ: ತಿಳುವಳಿಕೆ ಇರೋ ಮನುಷ್ಯ. ನೋಡಪ್ಪಾ, ಶಟರಿಗೆ ಎರಡು ಬೀಗ, ಬೇರೆ ಬೇರೆ ಕೀಲಿ. ಒಬ್ಬರೇ ತೆರೆಯೋ ಹಾಗಿರಬಾರದು. ಒಂದು ನನ್ನ ಹತ್ರ, ಒಂದು ಇವಳ ಹತ್ರ.

ಹೆಂಡತಿ: ಅಂದ್ರೆ ಒಂದು ಪೊರಕೆ ಬೇಕಾದ್ರೂ ಇಬ್ಬರೂ ಮೆರವಣಿಗೆ ಹೋಗಬೇಕು?

ಗಂಡ: ಪೊರಕೆ ಬೇಕು ಅಂತ ಒಂದು ಚೀಟಿ ಬರೆದುಕೊಡು. ನಿನ್ನ ಕೀಲಿ ತಗೊಂಡು ನಾನೇ ತಂದುಕೊಡ್ತೀನಿ.

ಹೆಂಡತಿ: ನೀವು ಮನೇಲಿ ಇಲ್ಲದಿದ್ರೆ?

ಗಂಡ: ನಾನೆಲ್ಲಿಗೆ ಹೋಗ್ತೀನಿ?

ಹೆಂಡತಿ: ಅದೇ ಅಲ್ವಾ ನನ್ನ ಸಂಕಟ.

ಆತ ಈಗ ಎಂಟು ಮಡಿಕೆಯ ಗ್ರಾಫ್ ಹಾಳೆ ಬಿಡಿಸಿ ಕಾರಿನ ಬಾನೆಟ್ಟಿನ ಮೇಲೆ ಹರಡಿದ. ಶೆಡ್ಡಿನ ನಾಲ್ಕೂ ಕಡೆ ಅಳತೆಗೆ ತಕ್ಕಂತೆ ಬರೆದಿತ್ತು. ವೆಲ್ಡರ್ ಇಂಥದ್ದನ್ನು ಈವರೆಗೆ ಕಂಡವನಲ್ಲ. ಉಳಿದವರು ಸಿಗರೇಟ್ ಪ್ಯಾಕಿನ ಹಿಂದೆ ಗೀಚಿ ಕೊಡುತ್ತಿದ್ದರು.

ವೆಲ್ಡರ್: ಸಾರ್, ಗೋಡೇಲಿರೋ ಮೊಳೇನೂ ಬರೆದಿದ್ದೀರಾ!

ಗಂಡ: ಎರಡು ಮೊಳೆ. ಒಂದು ಸ್ವಲ್ಪ ಬಾಗಿದೆ. ಅದನ್ನ ಬಾಗಿಸಿಯೇ ಬರೆದಿದ್ದೀನಿ.

ಹೆಂಡತಿ ಆತನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮನೆಯ ಗೋಡೆ ಇತ್ತು. ಮೀಟರ್ ಪೆಟ್ಟಿಗೆ ಇತ್ತು, ನಲ್ಲಿ ಇತ್ತು, ಗಾರೆಯ ಬಿರುಕು ಕೂಡ ಅದರ ಎಲ್ಲ ಅಂಕುಡೊಂಕುಗಳ ಸಮೇತ ಇತ್ತು. ಕಿಟಕಿ ಇರಲಿಲ್ಲ.

ಹೆಂಡತಿ: ಈ ಗೋಡೇಲಿ ಇನ್ನೇನೋ ಇರಬೇಕಲ್ಲ?

ಗಂಡ: ಎಲ್ಲ ಇದೆ.

ಹೆಂಡತಿ: ಸರಿಯಾಗಿ ನೋಡಿ.

ಗಂಡ: (ಹಾಳೆಯನ್ನೂ ಗೋಡೆಯನ್ನೂ ನೋಡಿ, ಹಣೆ ಚಚ್ಚಿಕೊಂಡು) ಹೌದಲ್ಲ! ಬಿಟ್ಟೇಹೋಗಿದೆ.

ಹೆಂಡತಿಯ ಮುಖ ಕೊಂಚ ಸಡಿಲವಾಯಿತು. ಆತ ಜೇಬಿನಿಂದ ಪೆನ್ಸಿಲ್ ತೆಗೆದು, ಮೊನೆ ನೋಡಿಕೊಂಡು, ಗೋಡೆಯ ಮೇಲ್ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಸೊನ್ನೆ ಬರೆದ.

ಹೆಂಡತಿ: ಏನದು?

ಗಂಡ: ಹಳೇ ಟಿ.ವಿ. ವೈರು ಒಳಗೆ ಹೋಗೋ ತೂತು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಶಾಲೆಯಲ್ಲಿ ಅವಳು ಹೀಗೆ ಒರೆಸಿದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು.

ವೆಲ್ಡರ್: (ಮಧ್ಯೆ ಬಂದು) ಸಾರ್, ಅಮ್ಮನಿಗೆ ಬಣ್ಣದ್ದು ಯೋಚನೆ. ತಗಡು ನೀಲಿ ಬೇಡಮ್ಮಾ, ಹಸಿರು ಹಾಕೋಣ. ಕಣ್ಣಿಗೆ ತಂಪು.

ಹೆಂಡತಿ: ಬಣ್ಣ ನೋಡೋಕೆ ಬೆಳಕು ಬೇಕಲ್ಲಪ್ಪಾ. ಕತ್ತಲೆ ಆಗುತ್ತೆ.

ಗಂಡ: ಅದನ್ನ ಯೋಚಿಸದೆ ಇರ್ತೀನಾ? ಒಳಗೆ ಎರಡು ಟ್ಯೂಬ್‌ಲೈಟ್.

ಹೆಂಡತಿ: ಸೆಕೆ? ಹೊಗೆ? ಮನುಷ್ಯರು ಉಸಿರಾಡೋದು ಬೇಡ್ವಾ?

ಗಂಡ: ನೀನು ಯಾಕೆ ಶೆಡ್ಡೊಳಗೆ ಹೋಗಿ ಉಸಿರಾಡ್ತೀಯ?

ವೆಲ್ಡರ್: ಹೌದಮ್ಮಾ, ಅಲ್ಲಿ ಎಲ್ಲ ತುಕ್ಕು. ಆರೋಗ್ಯಕ್ಕೆ ಒಳ್ಳೇದಲ್ಲ.

ಹೆಂಡತಿ: ನೀವಿಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದ್ದೀರಾ?

ಗಂಡ: ಬಾಯಿಮಾತು ಸಾಕು. ಒಂದು ಟ್ರಯಲ್ ನೋಡೇಬಿಡೋಣ. ಗಾಡೀಲಿ ತಗಡು ಇದೆಯೇನಪ್ಪಾ?

ಇತ್ತು. ವೆಲ್ಡರ್ ಎರಡು ತಗಡು ಹೊತ್ತು ತಂದು ಕಿಟಕಿಯ ಎದುರಿನ ಕಂಬಗಳಿಗೆ ಆನಿಸಿ, ಆಚೆಯಿಂದ ಎರಡೂ ಕೈ ಚಾಚಿ ಹಿಡಿದು ನಿಂತ. ಟ್ರಯಲ್ ಎಂದರೆ ಪೂರ್ತಿ ಆಗಬೇಕು ಎನ್ನುವ ಮನುಷ್ಯ ಕಾರಿನ ಹೊದಿಕೆಯನ್ನು ಬಿಚ್ಚಿ, ಶಟರಿನ ಜಾಗದಲ್ಲಿ ಇಳಿಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ತೃಪ್ತಿಯಿಂದ ನೋಡಿದ. ಹೆಂಡತಿ ಒಳಗೆ ಹೋದಳು. ಅಡುಗೆಮನೆ ಬಾವಿಯಂತಾಗಿತ್ತು. ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಇದೆಯೋ ಇಲ್ಲವೋ ತಿಳಿಯಲಿಲ್ಲ.

ಹೆಂಡತಿ: (ಒಳಗಿನಿಂದ) ಒಂದು ನಿಮಿಷ ಬನ್ನಿ ರೀ. ಪುಸ್ತಕ ತಗೊಂಡು ಬನ್ನಿ.

ಆತ ಬಂದ. ಬರುವಾಗಲೇ ಹೊಸಿಲಿನ ಪಕ್ಕದ ಸ್ಟೂಲಿಗೆ ಮೊಣಕಾಲು ಬಡಿಯಿತು.

ಹೆಂಡತಿ: ಐಟಂ ನಂಬರ್ ನೂರಾ ನಲವತ್ತೊಂದು ಓದಿ.

ಗಂಡ: ಲೈಟ್ ಹಾಕು.

ಹೆಂಡತಿ: ಬೆಳಿಗ್ಗೆ ಹನ್ನೊಂದು ಗಂಟೆ ರೀ.

ಗಂಡ: (ಹಾಳೆಯನ್ನು ಮೂಗಿಗೆ ತಾಗಿಸಿ) ...ಇದು ನೂರಾ ನಲವತ್ತೊಂದೋ, ನೂರಾ ಹದಿನಾಲ್ಕೋ...

ಹೆಂಡತಿ: ನಿಮಗೆ ಒಂದು ಸಾಲು ಓದೋಕಾಗ್ಲಿಲ್ಲ. ನಾನು ಇಲ್ಲಿ ಇನ್ನುಳಿದ ಆಯುಷ್ಯ ಕಳೀಬೇಕು. ಈಗ ಹೇಳಿ. ಪ್ಲಾನಲ್ಲಿ ಏನು ಬಿಟ್ಟಿದೆ?

ಗಂಡ: ...ಕಿಟಕಿ.

ಹೆಂಡತಿ: ಬಾಗಿದ ಮೊಳೆ ಕಂಡಿತು. ಇಷ್ಟಗಲದ ಕಿಟಕಿ ಕಾಣಲಿಲ್ಲ!

ಗಂಡ: ಕಾಣದೆ ಏನು. ಕಿಟಕಿ ಅಂದ್ರೆ ಗೋಡೆ ಇಲ್ಲದ ಜಾಗ. ಇರೋದನ್ನ ಬರೀಬಹುದು. ಇಲ್ಲದ್ದನ್ನ ಹೇಗೆ ಬರೆಯೋದು?

ಹೆಂಡತಿ: ಆ ತೂತು ಬರೆದ್ರಲ್ಲ? ಅದೂ ಗೋಡೆ ಇಲ್ಲದ ಜಾಗವೇ.

ಗಂಡ: ಅದರಲ್ಲಿ ವೈರು ಇದೆ.

ಹೆಂಡತಿ: ವೈರು ಇದ್ರೆ ಪಟ್ಟಿಗೆ ಬರುತ್ತೆ. ಕಿಟಕೀಲಿ ನಾನಿದ್ದೀನಲ್ಲ, ನಾನು ಬರೋದಿಲ್ಲ!

ಆತ ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿದ. ಕಾರ್ಖಾನೆಯ ನಿಯಮ ಪುಸ್ತಕದಲ್ಲಿ ಇದಕ್ಕೊಂದು ಕಲಮು ಇದ್ದಿರಲಾರದು. ತಗಡಿನಾಚೆಯಿಂದ ವೆಲ್ಡರ್ ಕೂಗಿದ.

ವೆಲ್ಡರ್: ಸಾರ್, ತೋಳು ಬಿದ್ದುಹೋಗ್ತಿದೆ! ಇಳಿಸಲಾ, ಇಲ್ಲೇ ಜಡಿಯಲಾ?

ಗಂಡ: ಇಳಿಸಬೇಡ! ಬಂದೆ.

ಆತ ಹೊರಗೆ ಹೋದ. ಹೆಂಡತಿ ಕಿಟಕಿಯ ಸರಳು ಹಿಡಿದು ನಿಂತಳು. ಇಳಿಸಬೇಡ ಎಂದಾಗಲೇ ಅವಳಿಗೆ ತಿಳಿದುಹೋಯಿತು: ಇನ್ನು ಅಡುಗೆಮನೆಗೊಂದು ಬಲ್ಬು ಬರುತ್ತದೆ, ಅದಕ್ಕೊಂದು ಐಟಂ ನಂಬರೂ ಬರುತ್ತದೆ. ಮೂವತ್ತೆಂಟು ವರ್ಷದ ತೀರ್ಮಾನ ಸುಳ್ಳಾಗಲಿಲ್ಲವಲ್ಲ ಎಂಬ ಒಣ ಸಮಾಧಾನ ಮಾತ್ರ ಉಳಿಯಿತು.

ಗಂಡ ಕಾರಿನ ಹೊದಿಕೆ ಎತ್ತಿ ಶೆಡ್ಡಿನೊಳಗೆ ಬಂದು, ಅವಳಿಗೆ ಬೆನ್ನು ಹಾಕಿ ತಗಡಿನ ಎದುರು ನಿಂತ.

ಗಂಡ: ಸೀಮೆಸುಣ್ಣ ಇದೆಯಾ?

ವೆಲ್ಡರ್: (ತಗಡಿಗೆ ಹೆಗಲು ಕೊಟ್ಟು, ಒಂದು ಕೈಯಿಂದ ಸಂದಿಯಲ್ಲಿ ತೂರಿಸಿ) ಇದೆ ಸಾರ್. ಟೇಪು ಕೊಡಲಾ?

ಗಂಡ: ಬೇಡ.

ಆತ ತಗಡಿನ ಮೇಲೆ ಅಡ್ಡಡ್ಡ ಒಂದು ಗೆರೆ ಎಳೆದ. ಅದರ ಮೇಲೆ ಒಂದು, ಕೆಳಗೆ ಒಂದು.

ಗಂಡ: ಇಲ್ಲಿಂದ ಇಲ್ಲಿಗೆ ತಗಡು ಬೇಡ. ಸರಳು ಹಾಕು. ನಡುಗೆರೆ ಇದು.

ವೆಲ್ಡರ್: ಅಳತೆ ಇಲ್ಲದೆ ಹೇಗೆ ಸಾರ್? ಮೊಳೇನೇ ಅಳೆದು ಬರೆದವರು ನೀವು!

ಗಂಡ: ಕಣ್ಣು ಇಲ್ಲಿಗೆ ಬರುತ್ತೆ. ಒಳಗಿನ ನೆಲ ಆರು ಅಂಗುಲ ಎತ್ತರ, ಅದನ್ನೂ ಸೇರಿಸಿದ್ದೀನಿ.

ವೆಲ್ಡರ್: ಯಾರ ಕಣ್ಣು?

ಗಂಡ: ಒಲೆ ಮುಂದೆ ನಿಲ್ಲೋರದ್ದು. ಎಡಗಡೆ ಒಂದು ಗೇಣು ಜಾಸ್ತಿ ಬಿಡು. ಗೇಟ್ ಸದ್ದಾದ್ರೆ ಮೊದಲು ಆ ಕಡೆಗೇ ಕತ್ತು ಹೊರಳಿಸ್ತಾಳೆ.

ವೆಲ್ಡರ್: ಸರಳಿನ ಸಂದೀಲಿ ಕಳ್ಳ ಒಳಗಿರೋ ಸಾಮಾನೆಲ್ಲ ನೋಡ್ತಾನಲ್ಲ ಸಾರ್?

ಗಂಡ: ನೋಡ್ಕೊಳ್ಲಿ.

ಹೆಂಡತಿ ಸರಳು ಬಿಟ್ಟು ಒಲೆಯ ಮುಂದೆ ಹೋಗಿ, ದಿನವೂ ನಿಲ್ಲುವಲ್ಲಿ ನಿಂತಳು. ಕಿಟಕಿಯಾಚೆ, ಮಬ್ಬಿನಲ್ಲಿ, ಬಿಳಿಯ ನಡುಗೆರೆ ನೆಟ್ಟಗೆ ಅವಳ ಕಣ್ಣಿನ ಮಟ್ಟಕ್ಕೇ ಇತ್ತು. ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ. ಒಂದು ಸೀಮೆಸುಣ್ಣದ ಗೆರೆಗೆ ಮೂವತ್ತೆಂಟು ವರ್ಷದ ತೀರ್ಮಾನವನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು. ಅಡುಗೆಕಟ್ಟೆ ಹಿಡಿದುಕೊಂಡು ಮೆಲ್ಲಗೆ ತುದಿಗಾಲ ಮೇಲೆ ಎದ್ದಳು.

ಹೆಂಡತಿ: ಎರಡು ಅಂಗುಲ ತಗ್ಗಾಯ್ತು ರೀ!

ಗಂಡ: (ತಿರುಗಿ ನೋಡದೆ) ಹಿಮ್ಮಡಿ ಕೆಳಗಿಡು.